ಐದು ಸೆಕೆಂಡಿಗೊಮ್ಮೆ ಯೋಗಕ್ಷೇಮ

ಮರಳೂರಿನ ನಮ್ಮ ನರ್ಸಿಂಗ್ ಕಾಲೇಜಿಗೆ ಪ್ರಿನ್ಸಿಪಾಲಳಾದ ನನ್ನ ಅನುಮತಿಯಿಲ್ಲದೆ ನೊಣವೂ ಬರುವುದಿಲ್ಲ. ಆ ಶಿಸ್ತು ವೆಬ್‌ಸೈಟಿಗೂ ಇರಲಿ ಎಂದು, ಅರ್ಜಿ ತುಂಬುವ ಪುಟವೊಂದನ್ನು ಬಿಟ್ಟು ಮಿಕ್ಕೆಲ್ಲ ಪುಟಗಳಿಗೂ ಪಾಸ್‌ವರ್ಡ್ ಹಾಕಿಸಿದೆ. ಹಾಕಿಸಿದ ಕೆಲವೇ ಕ್ಷಣಗಳಲ್ಲಿ ಇಡೀ ವೆಬ್‌ಸೈಟ್ ಮುಚ್ಚಿಕೊಂಡಿತು. ಅಂದು ಅರ್ಜಿಗೆ ಕೊನೆಯ ದಿನ. ಅರ್ಜಿ ಹೋಗದಿದ್ದರೆ ಮಗಳ ಒಂದು ವರ್ಷ ಹಾಳು ಎಂದು ಕುಣಿಗಲ್, ಅಮೃತೂರಿನ ತಾಯಂದಿರಿಂದ ಫೋನ್ ಮೇಲೆ ಫೋನ್.

ಗುಬ್ಬಿಯಿಂದ ಬಂದ ಟೆಕ್ನಿಷಿಯನ್ ಲೋಕೇಶ್ ಕಂಪ್ಯೂಟರ್ ನೋಡಿ ನಕ್ಕ. ಕೆಲಸದ ವೇಳೆಯಲ್ಲಿ ನಗುವುದು ನನಗೆ ಹಿಡಿಸುವುದಿಲ್ಲ.

"ಮೇಡಂ, ಹಿಂದ್ಗಡೆ ಎರಡು ಸರ್ವರ್ ಅವೆ. ಮುಂದೆ ಬಾಗ್ಲಲ್ಲಿ ಲೋಡ್ ಬ್ಯಾಲೆನ್ಸರ್ ನಿಂತ್ಕೊಂಡು, ಬಂದೋರ್ನ ಎರಡಕ್ಕೂ ಹಂಚ್ತದೆ. ಐದು ಸೆಕೆಂಡಿಗೊಂದ್ಸಲ ಒಂದು ಪುಟಕ್ಕೋಗಿ 'ಬದುಕಿದೀರಾ?' ಅಂತ ಕೇಳ್ತದೆ. ಆ ಪುಟಕ್ಕೂ ಪಾಸ್‌ವರ್ಡ್ ಹಾಕ್ಸಿದೀರ, ಸರ್ವರ್‌ಗಳು 'ಓಕೆ' ಅನ್ನೋ ಬದ್ಲು ಅದ್ನೇ ಪಾಸ್‌ವರ್ಡ್ ಕೇಳ್ತವೆ. ಎರಡೂ ಸತ್ತೋಗವೆ ಅಂದ್ಕೊಂಡು ಬಾಗ್ಲು ಹಾಕ್ಬುಡ್ತು."

"ಪಾಸ್‌ವರ್ಡ್ ಕೇಳುವವರು ಸತ್ತಿರುವುದು ಹೇಗಪ್ಪಾ?"

"ಅದು ಕಾನ್ವೆಂಟಲ್ಲಿ ಓದಿಲ್ಲ ಬುಡಿ ಮೇಡಂ."

ಆ ಒಂದು ಪುಟಕ್ಕೆ ವಿನಾಯಿತಿ ಕೊಟ್ಟೆ. ಆದರೆ ಸರ್ವರ್‌ಗಳು ಬರೀ 'ಓಕೆ' ಎನ್ನದೆ 'ಗುಡ್ ಮಾರ್ನಿಂಗ್' ಎಂದು ಉತ್ತರಿಸಬೇಕೆಂದು ಷರತ್ತು ಹಾಕಿದೆ. ಹತ್ತೇ ನಿಮಿಷದಲ್ಲಿ ಅರ್ಜಿಗಳು ಬರತೊಡಗಿದವು.

ಸಂಜೆ ಆರಕ್ಕೂ ಅವು ಗುಡ್ ಮಾರ್ನಿಂಗ್ ಎನ್ನುತ್ತಿವೆಯಂತೆ. ಲೋಕೇಶನನ್ನು ಮತ್ತೆ ಕರೆಸಬೇಕು.