ಹಿಸೆಗೆ ಬಂದ ಸಲಾಕೆ

ನಮ್ಮ ಮನೆ ಹಿಸೆಯಾದ ದಿನ ಹಿರಿಯರು ಟೈರು ಬಿಚ್ಚುವ ಸಲಾಕೆಗಳನ್ನೂ ಬಿಡಲಿಲ್ಲ. ಜಮೀನು, ಕೊಟ್ಟಿಗೆ, ಹಿತ್ತಾಳೆ ಪಾತ್ರೆ ಎಲ್ಲ ಮುಗಿದು, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಯಾರೋ ಅಪ್ಪನ ಕಾಲದ ಸಾಮಾನಿನ ಪೆಟ್ಟಿಗೆ ತಂದು ಜಗಲಿಯ ಮೇಲೆ ಸುರಿದರು. ಜೀಪು ಅಣ್ಣನಿಗೆ, ಹಳೆಯ ಕಾರು ನನಗೆ ಎಂದು ಆಗಲೇ ತೀರ್ಮಾನವಾಗಿತ್ತು. ಸೋಂದೆಯ ಕಡೆಯಿಂದ ಬಂದಿದ್ದ ದೊಡ್ಡ ಮಾವ ಸಲಾಕೆಗಳನ್ನು ಕೈಯಲ್ಲಿ ತೂಗಿ ನೋಡಿ, "ಎರಡಿದ್ದು. ಅಣ್ಣಂಗೊಂದು, ತಮ್ಮಂಗೊಂದು. ಆತು" ಅಂದರು. ಅಲ್ಲಿ ಕೂತಿದ್ದ ಹಿರಿಯರಲ್ಲಿ ಒಬ್ಬರೂ ಜನ್ಮದಲ್ಲಿ ಟೈರು ಬಿಚ್ಚಿದವರಲ್ಲ. ಒಂದೇ ಸಲಾಕೆಯಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದವರು ಅಣ್ಣ ಮತ್ತು ನಾನು ಇಬ್ಬರೇ. ಆದರೆ ಬಾವಿಯ ಪಂಪಿನ ಸರದಿಯ ವಿಷಯಕ್ಕೆ ನಾವು ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಮೊದಲು ಬಾಯಿ ತೆರೆದವನು ಸೋತ ಹಾಗೆ ಎಂದುಕೊಂಡು ಇಬ್ಬರೂ ಬಿಗಿದುಕೊಂಡು ಕೂತೆವು. ಆಮೇಲೆ ಅವರವರ ಪಾಲಿನದನ್ನು ಎತ್ತಿಕೊಂಡು ಊಟಕ್ಕೆ ಎದ್ದೆವು.

ಕಾರಿನ ಟೈರನ್ನು ಮನೆಯಲ್ಲೇ ಕೈಯಿಂದ ಬಿಚ್ಚುತ್ತಿದ್ದೆವು ಎಂದರೆ ಈಗಿನವರು ನಗುತ್ತಾರೆ. ಅಪ್ಪನಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಪಂಚರ್ ಆದ ಗಾಲಿ ಹೊತ್ತುಕೊಂಡು ಶಿರಸಿ ಪೇಟೆಗೆ ಹೋಗುವುದು ಕೈಲಾಗದವರ ಲಕ್ಷಣ ಎಂದೇ ಅವರು ತಿಳಿದಿದ್ದರು. ಗಾಲಿಯನ್ನು ಅಂಗಳದಲ್ಲಿ ಮಲಗಿಸಿ, ವಾಲ್ವಿನ ಪಿನ್ನು ತೆಗೆದು ಉಳಿದ ಗಾಳಿಯನ್ನೆಲ್ಲ ಬಿಡಬೇಕು. ಗಾಲಿಯ ಕಬ್ಬಿಣದ ಡಿಸ್ಕಿಗೆ ಕಚ್ಚಿಕೊಂಡ ಟೈರಿನ ಅಂಚು ಸುಲಭಕ್ಕೆ ಬಿಡುವುದಿಲ್ಲ. ಟೈರಿನ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಜೀಪು ಹತ್ತಿಸಿ ಅದನ್ನು ಬಿಡಿಸುತ್ತಿದ್ದೆವು. ಆಮೇಲೆ ಅಂಚಿಗೆ ಸುತ್ತಲೂ ಗೊಂಪು ಸವರುವುದು. ಹೆಂಗಸರು ತಲೆ ಮೀಯಲೆಂದು ಮತ್ತಿ ಸೊಪ್ಪು ಕಿವುಚಿ ಇಟ್ಟುಕೊಂಡ ಲೋಳೆಯನ್ನು ಟೈರಿಗೆ ಹಚ್ಚುವ ಬುದ್ಧಿ ಯಾರಿಗೆ ಮೊದಲು ಬಂತೋ ಗೊತ್ತಿಲ್ಲ. ಸಾಬೂನಿನ ನೀರು ಬೇಗ ಆರುತ್ತದೆ, ಗೊಂಪು ಆರುವುದಿಲ್ಲ.

ಸಲಾಕೆಯ ಕೆಲಸ ಬರುವುದು ಕೊನೆಗೆ. ಮೊಳದುದ್ದದ ಕಬ್ಬಿಣ, ತುದಿ ಚಪ್ಪಟೆ. ಒಂದನ್ನು ಅಂಚಿನ ಅಡಿ ತೂರಿಸಿ ಮೀಟಿ ಅಲುಗಾಡದಂತೆ ಹಿಡಿಯಬೇಕು. ಅಲ್ಲಿಂದ ಗೇಣು ದೂರದಲ್ಲಿ ಇನ್ನೊಂದನ್ನು ತೂರಿಸಿ ಎತ್ತಬೇಕು. ಮೊದಲನೆಯದು ಸಡಿಲವಾದರೆ ಟೈರು ಪುಸಕ್ಕನೆ ಒಳಗೆ ಹೋಗಿ ಕೂರುತ್ತದೆ, ಮತ್ತೆ ಮೊದಲಿನಿಂದ ಶುರು. ನಮ್ಮ ಮನೆಯಲ್ಲಿ ಅಣ್ಣ ಹಿಡಿಯುವವನು, ನಾನು ಎತ್ತುವವನು. ಟೈರಿನ ಮೇಲೆ ಮಂಡಿಯೂರಿ ಅವನು ಹಿಡಿದ ಸಲಾಕೆ ಒಂದು ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ.

ಹಿಸೆಯಾದ ಮೇಲೆ ನಾನು ರಸ್ತೆಯ ಕೆಳಗೆ ಬೇರೆ ಮನೆ ಕಟ್ಟಿಸಿಕೊಂಡೆ. ಅಣ್ಣ ಮೇಲಿನ ಮನೆಯಲ್ಲೇ ಉಳಿದ. ನಡುವೆ ಒಂದು ಏರು, ಐದು ನಿಮಿಷದ ದಾರಿ. ಆರು ತಿಂಗಳು ಅವನು ಅತ್ತ, ನಾನು ಇತ್ತ. ಸೊಸೈಟಿಯಲ್ಲಿ ಎದುರಾದರೆ ಗೋಡೆಯ ಮೇಲಿನ ನೋಟೀಸು ಓದುತ್ತ ನಿಲ್ಲುತ್ತಿದ್ದೆವು. ಹೀಗೇ ನಡೆದರೆ ಅಣ್ಣನೊಬ್ಬನಿದ್ದ ಎಂಬುದೇ ಹಳೆಯ ಮಾತಾಗಿಬಿಡುತ್ತದೆ ಎಂದು ನನಗೆ ಹೆದರಿಕೆಯಿತ್ತು. ಹೇಳಿಕೊಳ್ಳಲು ಮಾತ್ರ ಸೊಕ್ಕು ಬಿಡಲಿಲ್ಲ.

ಅಷ್ಟರಲ್ಲಿ ನನ್ನ ಕಾರು ಪಂಚರ್ ಆಯಿತು. ಸ್ಟೆಪ್ನಿ ಹಾಕಿ, ಪಂಚರಾದ ಗಾಲಿಯನ್ನು ಅಂಗಳಕ್ಕೆ ತಂದೆ. ಹಲಗೆಗೆ ಹತ್ತಿಸಲು ಜೀಪಿಲ್ಲ, ಹೆಂಡತಿಯನ್ನೂ ಕರೆದು ಇಬ್ಬರೂ ಟೈರಿನ ಮೇಲೆ ಹತ್ತಿ ಕುಣಿದೆವು. ಅಂಚೇನೋ ಬಿಟ್ಟಿತು. ಎರಡನೆಯ ಸಲಾಕೆಯ ಬದಲು ತೆಂಗಿನ ಗುಂಡಿ ತೋಡುವ ಹಾರೆ ತೂರಿಸಿದೆ. ಹಾರೆ ಜಾರಿ ಗೆಣ್ಣಿನ ಚರ್ಮ ಕಿತ್ತುಹೋಯಿತು, ಒಳಗಿನ ಟ್ಯೂಬೂ ಬೆರಳಗಲ ಹರಿಯಿತು. ಹೆಂಡತಿ ಗಾಯಕ್ಕೆ ಅರಿಸಿನ ಒತ್ತುತ್ತ, "ಮೇಲಿನ ಮನೆಗೆ ಹೋದ್ರೆ ನಿಂಗ್ಳ ಕಿರೀಟ ಬಿದ್ದು ಹೋಗ್ತನ?" ಎಂದು ಕೇಳಿದಳು.

ಮರುದಿನ ಹೊಸ ಟ್ಯೂಬು ತರಲು ಬಸ್ಸು ಹಿಡಿದು ಶಿರಸಿಗೆ ಹೋದೆ. ಅಂಗಡಿಯವನು ಬನವಾಸಿ ಕಡೆಯವನು. "ಬರ್ರಿ, ಏನ್ ಬೇಕ್ರಿ?" ಅಂದ. ಟ್ಯೂಬು ಕಟ್ಟಿಸಿಕೊಂಡ ಮೇಲೆ, ಟೈರು ಬಿಚ್ಚುವ ಸಲಾಕೆ ಒಂದು ಸಿಗುತ್ತದೆಯೇ ಎಂದು ಕೇಳಿದೆ. "ಜೋಡಿನೇ ಕೊಡೋದ್ರಿ. ಒಂದ್ ತಗೊಂಡು ಏನ್ ಮಾಡ್ತೀರಿ?" ಎಂದು ಎಣ್ಣೆ ಹಚ್ಚಿದ ಹೊಸ ಜೋಡಿ ಎದುರಿಗಿಟ್ಟ. ಕೈಯಲ್ಲಿ ಹಿಡಿದು ನೋಡಿದೆ. ಕೊಂಡಿದ್ದರೆ ಅವತ್ತೇ ಕೆಲಸ ಮುಗಿಯುತ್ತಿತ್ತು. ಯಾಕೆ ಕೊಳ್ಳಲಿಲ್ಲ ಎಂದು ಅವತ್ತು ನನ್ನನ್ನು ಕೇಳಿದ್ದರೆ ಕಬ್ಬಿಣ ಹಗುರ ಎಂದೋ ಏನೋ ಸುಳ್ಳು ಹೇಳುತ್ತಿದ್ದೆ. ಈಗ ಹೇಳಲು ನಾಚಿಕೆಯಿಲ್ಲ. ಇವನ್ನು ಕೊಂಡರೆ ಅಣ್ಣನ ಮನೆಗೆ ಹೋಗಲು ನನಗಿದ್ದ ಒಂದೇ ಒಂದು ನೆಪವೂ ಹೋಗುತ್ತಿತ್ತು.

ಸಂಜೆ ನಾಲ್ಕಕ್ಕೆ ಗಾಲಿಯನ್ನು ಉರುಳಿಸಿಕೊಂಡು ಏರು ಹತ್ತಿದೆ. ನನ್ನ ಸಲಾಕೆ ಕಂಕುಳಲ್ಲಿತ್ತು. ಅಣ್ಣ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ನನ್ನನ್ನು ಕಂಡವನೇ ಎದ್ದು ಒಳಗೆ ಹೋದ. ಮುಖಕ್ಕೆ ಹೊಡೆದಂತಾಯಿತು. ಗಾಲಿ ತಿರುಗಿಸಿಕೊಂಡು ಹೊರಟೇಬಿಡಬೇಕು ಅನ್ನುವಷ್ಟರಲ್ಲಿ ಅವನು ತನ್ನ ಸಲಾಕೆ ಹಿಡಿದು ಹೊರಗೆ ಬಂದ.

"ಮಲಗ್ಸು ಅದ್ನ" ಅಂದ.

ಅಷ್ಟೂ ತಿಂಗಳ ಮೇಲೆ ಕೇಳಿದ ಮೊದಲ ಮಾತು ಅದು. ಅತ್ತಿಗೆ ಏನನ್ನೂ ಕೇಳದೆ ಗೊಂಪಿನ ಪಾತ್ರೆ ತಂದಿಟ್ಟು ಹೋದಳು. ಆಮೇಲೆ ಅರ್ಧ ಗಂಟೆ "ಹಿಡ್ಕ", "ಎತ್ತು", "ತಡಿ" ಬಿಟ್ಟರೆ ಬೇರೆ ಮಾತಿಲ್ಲ. ಅವನು ಮಂಡಿಯೂರಿ ಹಿಡಿದ, ನಾನು ಎತ್ತಿದೆ. ಕೈಗಳಿಗೆ ಜಗಳ ಗೊತ್ತೇ ಇರಲಿಲ್ಲ. ಹೊಸ ಟ್ಯೂಬು ಹಾಕಿ ಗಾಳಿ ಹೊಡೆದಾದ ಮೇಲೆ ಅವನು ನನ್ನ ಗೆಣ್ಣು ನೋಡಿ, "ಹಾರೆ ಹಾಕಿದ್ಯನ?" ಎಂದು ಕೇಳಿದ. ಹೌದು ಅಂದೆ. "ಮಳ್ಳ" ಅಂದ. ನಾನು ಅತ್ತುಬಿಡುತ್ತಿದ್ದೆ, ಪುಣ್ಯಕ್ಕೆ ಅತ್ತಿಗೆ ಚಾ ತಂದಳು.

ಅಲ್ಲಿಂದ ಮುಂದೆ ಹದಿನೈದು ವರ್ಷ ನಮ್ಮ ಬಾಂಧವ್ಯ ಟೈರಿನ ಮೇಲೆ ನಡೆಯಿತು. ಯಲ್ಲಾಪುರದ ರಸ್ತೆ ದೊಡ್ಡ ಉಪಕಾರ ಮಾಡಿತು. ಜಲ್ಲಿ ಹಾಕಿದ ವರ್ಷವಂತೂ ತಿಂಗಳಿಗೊಮ್ಮೆ ಸೇರುತ್ತಿದ್ದೆವು. ನನ್ನ ಮಗಳಿಗೆ ಸಿದ್ದಾಪುರದ ಸಂಬಂಧ ಕೂಡಿಬಂದದ್ದು, ಅವನಿಗೆ ಕಣ್ಣಿನ ಪೊರೆ ಬಂದದ್ದು ಎಲ್ಲ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಟೈರಿನ ಆಚೆ ಈಚೆ ಕೂತೇ. ಮುಖ ನೋಡದೆ ಕೈ ನೋಡಿಕೊಂಡು ಮಾತಾಡುವುದು ನಮ್ಮಂಥವರಿಗೆ ಸುಲಭ. "ಯನ್ನ ತಲೆಗಿಂತ ನಿಂಗ್ಳ ಟೈರಿಗೇ ಜಾಸ್ತಿ ಗೊಂಪು ಹೋಗ್ತು" ಎಂದು ಅತ್ತಿಗೆ ಗೊಣಗುತ್ತಿದ್ದಳು. ಆದರೆ ಸುಮ್ಮನೆ ಬಂದೆ, ನಿನ್ನನ್ನು ನೋಡಬೇಕೆನಿಸಿತು ಎಂದು ನಾನು ಒಂದು ಸಲವೂ ಆ ಏರು ಹತ್ತಲಿಲ್ಲ. ಅವನೂ ಇಳಿಯಲಿಲ್ಲ. ನಮ್ಮ ಮನೆಯಲ್ಲಿ ಗಂಡಸರಿಗೆ ಆ ಅಭ್ಯಾಸವಿಲ್ಲ.

ಕಳೆದ ವರ್ಷ ಎಲ್ಲರ ಒತ್ತಾಯಕ್ಕೆ ಹಳೆಯ ಕಾರು ಕೊಟ್ಟು ಹೊಸದು ತಂದೆ. ಅದರ ಟೈರಿಗೆ ಟ್ಯೂಬೇ ಇಲ್ಲ. ಒಮ್ಮೆ ಇಡಗುಂದಿಯ ಹತ್ತಿರ ಮೊಳೆ ಹೊಕ್ಕಿತು. ಗ್ಯಾರೇಜಿನವನು ಗಾಲಿ ಬಿಚ್ಚದೆಯೇ ಏನೋ ಬತ್ತಿ ತೂರಿಸಿ, ಹತ್ತು ನಿಮಿಷದಲ್ಲಿ ಕಳಿಸಿಕೊಟ್ಟ. ಮನೆಗೆ ಬಂದು ಹೆಂಡತಿಗೆ ಬಹಳ ಹೆಮ್ಮೆಯಿಂದ ಹೇಳಿದೆ. ಹೇಳುತ್ತ ಹೇಳುತ್ತಲೇ ಮೇಲಿನ ಮನೆಗೆ ಹೋಗದೆ ಎಂಟು ತಿಂಗಳಾಯಿತು ಎಂದು ಲೆಕ್ಕ ಸಿಕ್ಕಿತು. ಅವತ್ತು ಊಟ ಸೇರಲಿಲ್ಲ. ಜಗಳವಿಲ್ಲ, ಕದನವಿಲ್ಲ, ಬರೀ ಒಳ್ಳೆಯ ಟೈರಿನಿಂದಾಗಿ ಅಣ್ಣ ಕೈತಪ್ಪುತ್ತಿದ್ದ.

ಅದಾಗಿ ವಾರದೊಳಗೆ ಅಣ್ಣನ ಫೋನು. "ತಮಾ, ಜೀಪಿನ ಮುಂದಿನ ಗಾಲಿ ಕೂತೋಜು. ಪುರ್ಸೊತ್ತಿದ್ರೆ ಬಾ."

ಇದ್ದ ಕೆಲಸ ಬಿಟ್ಟು ಹೋದೆ. ಅಣ್ಣನಿಗೆ ಎಪ್ಪತ್ತು ದಾಟಿದೆ, ಮಂಡಿಯೂರಲು ಗೋಣಿಚೀಲ ಮಡಚಿ ಹಾಸಿಕೊಂಡ. ಸಲಾಕೆ ಹಿಡಿದ ಕೈ ಸ್ವಲ್ಪ ನಡುಗುತ್ತಿತ್ತು. ಎರಡು ಸಲ ಟೈರು ಜಾರಿ ಒಳಗೆ ಹೋಯಿತು, ಎರಡು ಸಲವೂ ನನ್ನದೇ ತಪ್ಪೆಂದು ನಾನು ಬೈಸಿಕೊಂಡೆ. ಅಂತೂ ಟ್ಯೂಬು ಹೊರಗೆ ಬಂತು. ಅದಕ್ಕೆ ಗಾಳಿ ತುಂಬಿ ದನಕ್ಕೆ ನೀರು ಕುಡಿಸುವ ತೊಟ್ಟಿಯಲ್ಲಿ ಮುಳುಗಿಸಿದೆವು. ಸುತ್ತ ತಿರುಗಿಸಿದರೂ ಒಂದು ಗುಳ್ಳೆ ಏಳಲಿಲ್ಲ. ವಾಲ್ವಿಗೆ ಉಗುಳು ಹಚ್ಚಿ ನೋಡಿದೆ, ಅಲ್ಲೂ ಇಲ್ಲ. ಟೈರಿನ ಒಳಗೆ ಕೈಯಾಡಿಸಿದರೆ ಮುಳ್ಳೂ ಇಲ್ಲ, ಮೊಳೆಯೂ ಇಲ್ಲ. ಟ್ಯೂಬು ಗುಂಡುಕಲ್ಲಿನ ಹಾಗಿತ್ತು.

ತಲೆಯೆತ್ತಿ ನೋಡಿದೆ. ಅಣ್ಣ ಕೊಟ್ಟಿಗೆಯ ಹೆಂಚು ಎಣಿಸುವವನಂತೆ ಅತ್ತ ಮುಖ ಮಾಡಿ ನಿಂತಿದ್ದ. ಕಿವಿ ಕೆಂಪಾಗಿತ್ತು. ಈ ವಯಸ್ಸಿನಲ್ಲಿ ಬಗ್ಗಿ, ಕೂತು, ಆ ಪಿನ್ನು ಒತ್ತಿ ಹಿಡಿದು ಅಷ್ಟೂ ಗಾಳಿ ಬಿಟ್ಟಿದ್ದಾನೆ. ನಾನು ಮಾಡಬೇಕಾಗಿದ್ದ ಕೆಲಸವನ್ನು ಅವನು ಮಾಡಿದ್ದ.

"ಇಲ್ಲಿದ್ದು ನೋಡು, ಸಣ್ಣದು" ಅಂದೆ. ಗಟ್ಟಿಯಾಗಿದ್ದ ಜಾಗವನ್ನೇ ಆರಿಸಿ, ಉಪ್ಪು ಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಸವರಿ, ಆರುವ ತನಕ ಊದಿ, ಪ್ಯಾಚು ಅಂಟಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಅಣ್ಣ ಹತ್ತಿರ ಬಂದು ಬಗ್ಗಿ ಬಹಳ ಹೊತ್ತು ಪ್ಯಾಚನ್ನೇ ನೋಡಿದ.

"ಸರಿ ಆತು" ಅಂದ. "ಹಿಂದಿನ ಗಾಲಿನೂ ಯಾಕೋ ಸರಿ ಇಲ್ಲೆ. ಮುಂದಿನ ವಾರ ಬಿಚ್ಚಿ ನೋಡವು" ಅಂದ.

"ಮುಂದಿನ ವಾರ ಎಂತಕ್ಕೆ?" ಅಂದೆ. "ನಾಳೆನೇ ಬತ್ತೆ."