ಕುರ್ಚಿ ಬಿಟ್ಟುಕೊಟ್ಟ ವಕೀಲರು

ನಮ್ಮ ವಕೀಲರ ಕರಿ ಕೋಟಿನ ಎಡ ಮೊಣಕೈ ಸವೆದು ಹೊಳೆಯುತ್ತಿತ್ತು. ಹೊನ್ನಾಳಿಯ ತಮ್ಮ ಆಫೀಸಿನಲ್ಲಿ ಅರ್ಧ ದಿನ ಅವರು ಕಕ್ಷಿದಾರರ ಬೆಂಚಿನ ಮೇಲೆಯೇ, ಕಿಟಕಿಗೆ ಮೊಣಕೈ ಊರಿ ಕೂತಿರುತ್ತಿದ್ದರು. ಅವರ ಕುರ್ಚಿಯಲ್ಲಿ ಕೂರುತ್ತಿದ್ದವರು ಕಕ್ಷಿದಾರರು. ಅರ್ಜಿ ಬರೆಯುವ ಮುಂಚೆ ಬಂದವರನ್ನು ಅಲ್ಲಿ ಕೂರಿಸಿ, "ಈಗ ನೀವೇ ಎದುರು ಪಾರ್ಟಿ. ನಿಮಗೆ ಯಾಕೆ ಕೊಡಬಾರ್ದು, ಹೇಳ್ರಿ" ಎನ್ನುತ್ತಿದ್ದರು. ಫೀಸು ಕೊಟ್ಟು ನಮ್ಮನ್ನು ನಾವೇ ಬೈದುಕೊಳ್ಳುವ ಜಾಗ ಎಂದು ಊರಲ್ಲಿ ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅವ್ವನ ಜೊತೆ ಅಲ್ಲಿಗೆ ಹೋದೆ. ಬೆಳೆ ಕಾಯಲೆಂದು ಅಪ್ಪನಿಗೆ ಕೋವಿಯ ಲೈಸೆನ್ಸ್ ಇತ್ತು. ಅಪ್ಪ ತೀರಿಕೊಂಡ ಮೇಲೆ ಕೋವಿ ಠಾಣೆ ಸೇರಿತು. ನ್ಯಾಮತಿ ಕಡೆ ಕಾಡಂಚಿನ ಹೊಲ ನಮ್ಮದು. ಕಾಡುಹಂದಿಗಳು ಗೋವಿನಜೋಳವನ್ನು ಸಾಲು ಸಾಲೇ ಮಲಗಿಸುತ್ತಿದ್ದವು. ಲೈಸೆನ್ಸ್ ತನ್ನ ಹೆಸರಿಗೆ ಮಾಡಿಕೊಡಿ ಎಂದು ಅವ್ವ ಕೊಟ್ಟ ಅರ್ಜಿ, ಹೆಂಗಸಿಗೆ ಕೋವಿ ಕೊಡಲಾಗದು ಎಂಬ ಒಂದು ಸಾಲಿನ ಷರಾ ಹೊತ್ತು ವಾಪಸು ಬಂದಿತ್ತು.

ಆ ಸಾಲು ಓದಿ ವಕೀಲರ ಮುಖ ಅರಳಿತು. "ಇಂಥಾ ಕೇಸಿಗೆ ಇಪ್ಪತ್ತು ವರ್ಷದಿಂದ ಕಾಯ್ತಿದ್ದೆ ತಾಯಿ. ಹೈಕೋರ್ಟಿಗೇ ಹೋಗಣ" ಎಂದರು. ನನಗಂತೂ ಕೋಡು ಮೂಡಿತು. ಆದರೂ ಪದ್ಧತಿ ಬಿಡಲಿಲ್ಲ. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಬೆಂಚಿಗೆ ಬಂದರು.

"ಈಗ ನೀವೇ ಲೈಸೆನ್ಸ್ ಕೊಡೋ ಸಾಹೇಬ್ರು. ಈ ಯಮ್ಮಂಗೆ ಕೋವಿ ಯಾಕೆ ಕೊಡಬಾರ್ದು?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು: "ಈ ಯಮ್ಮನ ಮನ್ಯಾಗೆ ಬೆಳೆದ ಮಗ ಅದಾನೆ. ಕುಡೀತಾನೆ. ಬದುವಿನ ಜಗಳಕ್ಕೆ ಚಿಕ್ಕಪ್ಪನ ಮೇಲೆ ಹಲ್ಲು ಕಡೀತಾನೆ. ಕೋವಿ ಬರ್ಲಿ, ಆಮೇಲೆ ಐತೆ ಅಂದಾನೆ. ಕೊಡಬ್ಯಾಡ್ರಿ."

ನನಗೆ ಮೈಯೆಲ್ಲ ಉರಿಯಿತು. ಅಣ್ಣ ಹಾಗೆ ಅಂದದ್ದು ನನಗೂ ಗೊತ್ತಿತ್ತು. ಕುಡಿದವನ ಮಾತೆಂದು ಬಿಟ್ಟಿದ್ದೆ.

ವಕೀಲರು ಕಾಗದ ಮಡಿಸಿದರು. "ಇದನ್ನ ಸರ್ಕಾರದೋರೂ ಹುಡುಕಿ ಕೋರ್ಟಿಗೆ ಹೇಳ್ತಾರೆ. ಸೋತ್ರೆ, ಆ ತೀರ್ಪು ಹಿಡ್ಕಂಡು ಮುಂದೆ ಬರೋ ಹೆಂಗಸ್ರಿಗೆಲ್ಲ ಬಾಗಿಲು ಹಾಕ್ತಾರೆ. ಗೆದ್ರೆ ಕೋವಿ ನಿಮ್ಮನೀಗೆ ಬರತೈತೆ. ಯಾವ್ದಕ್ಕೆ ಹೆಚ್ಚು ಹೆದರ್ತೀರಿ ತಾಯಿ?"

"ಗೆಲ್ಲಾಕೇ ಹೆದರಿಕೆ ರೀ" ಎಂದಳು ಅವ್ವ.

ನಾನು ಜಗಳಕ್ಕೇ ನಿಂತೆ. "ಹಂಗಾರೆ ಸಾಹೇಬ್ರು ಬರ್ದಿದ್ದು ಸರಿ ಅಂತೀರಾ?"

"ತಪ್ಪೇ ತಂಗಿ. ಆ ತಪ್ಪು ತಿದ್ದಾಕೆ ನಿಮ್ಮನೆ ಬ್ಯಾಡ. ಇನ್ನೊಂದು ಮನೆ ಬರತೈತೆ, ನಾನು ಕಾಯ್ತೀನಿ."

ಕೋವಿಯ ಆಸೆ ಬಿಟ್ಟೆವು. ಆ ಸಲ ಡಬ್ಬ ಬಡಿದು ಬಡಿದು ಅರ್ಧ ಬೆಳೆ ಉಳಿಸಿಕೊಂಡೆವು; ಮಿಕ್ಕದ್ದು ಹಂದಿಗಳ ಪಾಲು. ವಕೀಲರ ಮೇಲಿನ ನನ್ನ ಸಿಟ್ಟು ಮಾತ್ರ ಬೇಗ ಇಳಿಯಲಿಲ್ಲ. ಆದರೆ ನಾನು ಟೈಪಿಂಗ್ ಪಾಸಾದಾಗ ಕರೆದು ಕೆಲಸ ಕೊಟ್ಟವರೂ ಅವರೇ. ಜಗಳ ಆಡೋರು ಒಬ್ಬರು ಆಫೀಸಿನಲ್ಲಿ ಇರಬೇಕು ಅಂದರು.

ಏಳೆಂಟು ವರ್ಷದ ಮೇಲೆ ಜಗಳೂರು ಕಡೆಯಿಂದ ಕುರಿ ಸಾಕುವ ವಿಧವೆಯೊಬ್ಬರು ಬಂದರು. ತೋಳದ ಕಾಟ, ಗಂಡನ ಕೋವಿ ಠಾಣೆಯಲ್ಲಿ, ಅರ್ಜಿಯ ಮೇಲೆ ಅದೇ ಮಾತು. ಕುರ್ಚಿಯಲ್ಲಿ ಕೂತು ಎಷ್ಟು ಯೋಚಿಸಿದರೂ ಆಕೆಗೆ ತನ್ನ ವಿರುದ್ಧ ಹೊಳೆದದ್ದು ಒಂದೇ: "ಗುರಿ ತಪ್ಪಬೋದು ರೀ." ವಕೀಲರು ನಕ್ಕದ್ದನ್ನು ನಾನು ಕಂಡದ್ದು ಅಪರೂಪ, ಅವತ್ತು ನಕ್ಕರು. ಅರ್ಜಿಯನ್ನು ನಾನೇ ಟೈಪು ಮಾಡಿದೆ. ಬೆಂಗಳೂರಿಗೆ ನಾಲ್ಕು ಸಲ ಓಡಾಡಿ ಗೆದ್ದು ಬಂದರು. ತೀರ್ಪಿನ ಪ್ರತಿಯನ್ನು ನನ್ನ ಕೈಗಿಟ್ಟು, "ನಿಮ್ಮವ್ವಂಗೆ ಓದಿ ಹೇಳು. ಇದು ಅವ್ರು ಗೆದ್ದ ಕೇಸು" ಎಂದರು.

ಮರುವರ್ಷ ವಕೀಲರು ತೀರಿಕೊಂಡರು. ನಾನು ಅಲ್ಲಿ ಕೆಲಸಕ್ಕಿದ್ದೆನೆಂದು ಅಣ್ಣನೂ ಚಿಕ್ಕಪ್ಪನೂ ಊರಿಂದ ಬಂದರು, ಬೇರೆ ಬೇರೆ ಬಸ್ಸಿನಲ್ಲಿ. ಬದುವಿನ ವ್ಯಾಜ್ಯ ಆಗಲೂ ಮುಗಿದಿರಲಿಲ್ಲ. ಚಟ್ಟಕ್ಕೆ ಹೆಗಲು ಬದಲಿಸುವಾಗ ಎಡಕ್ಕೆ ಅಣ್ಣ, ಬಲಕ್ಕೆ ಚಿಕ್ಕಪ್ಪ ಬಂದು ನಿಂತರು. ತಮ್ಮಿಬ್ಬರ ನಡುವೆ ಕೋವಿ ಬರದಂತೆ ತಡೆದವರನ್ನೇ ತಾವು ಹೊತ್ತಿದ್ದೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವ್ವ ಕೊನೆಯವರೆಗೂ ಹೇಳಲಿಲ್ಲ, ನಾನೂ ಹೇಳಿಲ್ಲ. ಅವತ್ತು ವಕೀಲರ ಮನೆ ಬಾಗಿಲಲ್ಲಿ ನನ್ನ ಕೈ ಹಿಡಿದು ನಿಂತು, ಬೀದಿಯ ತಿರುವಿನವರೆಗೂ ಅವರಿಬ್ಬರನ್ನೇ ನೋಡುತ್ತಾ ಅವ್ವ ಅತ್ತಳು.