ಅತ್ತೆಯ ಏಳು ಕೆಂಪು

ಹೆಂಗಸರ ಜೊತೆ ಮಾತಾಡುವಾಗ ನನ್ನ ಕಣ್ಣು ಅವರ ಕಿವಿಗೆ ಹೋಗುತ್ತದೆ. ಒಳ್ಳೆಯ ಚಟವಲ್ಲ, ಗೊತ್ತು. ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ಮದುವೆಮನೆಯಲ್ಲಿ ಭೂತಗನ್ನಡಿ ಹಿಡಿದು ಕಂಡವರ ಓಲೆ ನೋಡುತ್ತಾ ನಿಂತರೆ, ಹೆಂಡತಿಯಾದವಳು ಊಟದ ಪಂಕ್ತಿಯಲ್ಲಿ ದೂರ ಕೂರುವುದು ನ್ಯಾಯವೇ.

ಬಿಡಿ ಹರಳಾದರೆ ತೂಗಬಹುದು, ಮಗುಚಿ ನೋಡಬಹುದು. ಒಡವೆಯಲ್ಲಿ ಕೂತ ಹರಳು ಹೆಣ್ಣು ನೋಡುವ ಶಾಸ್ತ್ರದ ಹುಡುಗಿಯ ಹಾಗೆ, ನಮಗೆ ಕಾಣುವುದು ಮುಖವಷ್ಟೇ. ಹಿಂದೆ ಚಿನ್ನ ಮುಚ್ಚಿರುತ್ತದೆ. ಒಳಗೆ ಹೊಳಪಿಗೆಂದು ಕೆಂಪು ರೇಕಿನ ತೆಳು ತಗಡು ಇಟ್ಟಿದ್ದರಂತೂ ಬಣ್ಣ ಹರಳಿನದೋ ರೇಕಿನದೋ ದೇವರೇ ಬಲ್ಲ. ಉಳಿಯುವ ಉಪಾಯ ಎರಡು. ಉಸಿರು ಊದಿದರೆ ಒಳ್ಳೆಯ ಕೆಂಪಿನ, ಅಂದರೆ ಮಾಣಿಕ್ಯದ, ಮೇಲಿನ ಮಂಜು ಬೇಗ ಆರುತ್ತದೆ, ಗಾಜಿನ ಮೇಲೆ ತುಸು ಹೊತ್ತು ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನೊಳಗೆ ದುಂಡನೆಯ ಗುಳ್ಳೆ ಕಾಣುತ್ತವೆ.

ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಈ ವಿದ್ಯೆಯ ಸುದ್ದಿ ಮೊಳಕಾಲ್ಮೂರಿನ ಸೋದರತ್ತೆಗೆ ಮುಟ್ಟಿತು, ಬಾ ಎಂದು ಹೇಳಿ ಕಳಿಸಿದರು. ಅವರ ಏಳು ಕೆಂಪಿನ ಓಲೆ ತಾತ ಮಗಳ ಮದುವೆಗೆ ಮಾಡಿಸಿಕೊಟ್ಟದ್ದು. ನಮ್ಮವ್ವ ಒಮ್ಮೆ ತನ್ನ ತಂಗಿಯ ಮದುವೆಗೆಂದು ಅದನ್ನು ಕೇಳಿ ಹಾಕಿಕೊಂಡು ವಾಪಸ್ ಕೊಟ್ಟಿದ್ದಳು. ಆಮೇಲೆ ಮೊದಲಿನ ಹೊಳಪಿಲ್ಲ, ಕಲ್ಲು ಬದಲಾಗಿವೆ ಎಂದು ಅತ್ತೆಗೆ ಅನುಮಾನ. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಲೋಟ ನೀರೂ ಕುಡಿದಿರಲಿಲ್ಲ. ಅವ್ವ ಇದನ್ನು ನೆನೆದು ಅಳುವುದನ್ನು ನಾನು ನೋಡಿದ್ದೇನೆ.

ಅತ್ತೆ ಓಲೆ ಬಿಚ್ಚಿ ನನ್ನ ಅಂಗೈಗಿಟ್ಟರು. ಊದಿದೆ, ಮಂಜು ಕದಲಲಿಲ್ಲ. ಗುಳ್ಳೆಗಳೂ ಇದ್ದವು. ಕಂಡುಹಿಡಿದ ಖುಷಿಯಲ್ಲಿ "ಎರಡರಲ್ಲೂ ಏಳಕ್ಕೇಳೂ ಗಾಜು ಕಣತ್ತೆ" ಅಂದುಬಿಟ್ಟೆ.

"ನಾ ಹೇಳಿರ್ಲಿಲ್ವೇನೋ? ನಿಮ್ಮವ್ವನ ಕೆಲ್ಸ" ಅಂದರು ಅತ್ತೆ.

ಹೆತ್ತವಳಿಗೇ ಕಳ್ಳಿಯ ಪಟ್ಟ ಕಟ್ಟಿದ ಪಂಡಿತ ನಾನೊಬ್ಬನೇ ಇರಬೇಕು. ಗಾಬರಿಯಲ್ಲಿ ಮತ್ತೆ ಭೂತಗನ್ನಡಿ ಹಿಡಿದೆ. ಈ ಸಲ ಕಲ್ಲು ಬಿಟ್ಟು ಸುತ್ತಲಿನ ಚಿನ್ನ ನೋಡಿದೆ. ಅಂಚು ಎಲ್ಲ ಕಡೆ ಒಂದೇ ಸಮ ಸವೆದಿತ್ತು, ಕಲ್ಲು ತೆಗೆಯಲು ಎಬ್ಬಿಸಿದ ಗುರುತೇ ಇರಲಿಲ್ಲ. ಕಲ್ಲು ಯಾರೂ ಬದಲಿಸಿಲ್ಲ ಎಂದರೆ ಅತ್ತೆ ನಂಬಲಿಲ್ಲ. ಅದೇ ಬೀದಿಯ ವಯಸ್ಸಾದ ಅಕ್ಕಸಾಲಿಗರ ಹತ್ತಿರ ನಡೆದೆವು. ಅವರು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಯಾರೂ ಬಿಚ್ಚಿಲ್ಲಮ್ಮಾ. ಮಾಡಿದ ದಿನದಿಂದ್ಲೂ ಗಾಜೇ ಐತೆ" ಅಂದರು.

ಅಲ್ಲಿಗೆ ಅವ್ವ ಪಾರಾದಳು, ತಾತ ಸಿಕ್ಕಿಬಿದ್ದರು. ಗೊತ್ತಿದ್ದೇ ಮಗಳಿಗೆ ಗಾಜು ಕೊಟ್ಟರೋ, ಅವರಿಗೇ ಯಾರಾದರೂ ಟೋಪಿ ಹಾಕಿದ್ದರೋ, ಅದು ಯಾವ ಭೂತಗನ್ನಡಿಗೂ ಕಾಣುವುದಿಲ್ಲ. ಅತ್ತೆ ಓಲೆ ಹಾಕಿಕೊಂಡು ತಿರುಪು ಬಿಗಿದುಕೊಂಡರು. ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂದು, "ಭಾನ್ವಾರ ಊಟಕ್ಕೆ ಬರ್ತೀನಿ ಅಂತ ಅತ್ತಿಗೆಗೆ ಹೇಳು. ಗಾಜಿನ ಮಾತು ಮಾತ್ರ ಎತ್ತಬ್ಯಾಡ" ಅಂದರು.

ಬಂದರು. ಅವ್ವ ನೀರಿನ ಲೋಟ ಕೊಡುತ್ತಾ ಹೆದರಿ ಹೆದರಿ ಅವರ ಕಿವಿ ನೋಡಿ, "ಈಗ್ಲೂ ಏನ್ ಹೊಳೀತಾವೆ" ಅಂದಳು.

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. "ನಮ್ಮಪ್ಪ ಕೊಟ್ಟಿದ್ದಲ್ವಾ" ಅಂದರು. ಆಮೇಲೆ ನೀರು ಕುಡಿದು, ಎರಡೂ ಓಲೆಯ ತಿರುಪು ಬಿಚ್ಚಿ, "ಒಂದ್ಸಲ ಹಾಕ್ಕೊಂಡ್ ನೋಡ್ರಿ ಅತ್ತಿಗೆ" ಎಂದು ಅವ್ವನ ಕೈಗೆ ಕೊಟ್ಟರು.